ಸೌತೆಕಾಯಿ ಹುಳಿಯ ಉಪ್ಪು

ಎದೆನೋವು ಬಂದು ಇನ್ನೇನು ಹೋದೆ ಎನ್ನುವಾಗ ಮನುಷ್ಯನಿಗೆ ಹೆಂಡತಿ ಮಕ್ಕಳ ನೆನಪಾಗುತ್ತದೆ, ದೇವರ ನೆನಪಾಗುತ್ತದೆ ಎಂದು ಹೇಳುತ್ತಾರೆ. ನನಗೆ ನೆನಪಾದದ್ದು ಸೌತೆಕಾಯಿ ಹುಳಿ. ಅದಕ್ಕೆ ಉಪ್ಪು ಹಾಕಿದ್ದೇನೋ ಇಲ್ಲವೋ ಎಂಬುದೊಂದೇ ತಲೆಯಲ್ಲಿ. ಬ್ರಹ್ಮಾವರದಿಂದ ಆಸ್ಪತ್ರೆಯವರೆಗೂ ಕಾರಿನ ಹಿಂದಿನ ಸೀಟಿನಲ್ಲಿ ಅಡ್ಡಬಿದ್ದುಕೊಂಡು ಅದನ್ನೇ ಕೇಳುತ್ತಿದ್ದೆನಂತೆ. ಕಾರಿನ ಡ್ರೈವರು ಇವರಿಗೆ ಎದೆಯಲ್ಲ, ತಲೆ ಕೆಟ್ಟಿದೆ ಎಂದುಕೊಂಡನಂತೆ. ಆಮೇಲೆ ಒಂದೂವರೆ ವರ್ಷ ಸಿಕ್ಕಸಿಕ್ಕವರಿಗೆಲ್ಲ ಅದೇ ಪ್ರಶ್ನೆ ಕೇಳಿದೆ. ಒಬ್ಬರಾದರೂ ನೆಟ್ಟಗೆ ಉತ್ತರ ಕೊಟ್ಟಿದ್ದರೆ ಕೇಳಿ.

ನಾನು ಅಡುಗೆಯವನು. ಮದುವೆ, ಉಪನಯನ, ಗೃಹಪ್ರವೇಶ, ವರ್ಷಾಂತಿಕ, ಯಾವುದಾದರೂ ಸೈ. ಮನೆ ಕೋಟದ ಹತ್ತಿರ. ಅಲ್ಲಿಂದ ತೆಂಕಿಗೆ ಬ್ರಹ್ಮಾವರ, ಬಡಗಿಗೆ ಕುಂದಾಪುರ, ಬೈಂದೂರು, ಮೂಡಿಗೆ ಶಂಕರನಾರಾಯಣ, ಇಷ್ಟು ನನ್ನ ಸೀಮೆ. ಅಪ್ಪನೂ ಅಡುಗೆಯವರೇ. ಅವರ ಕೈಕೆಳಗೆ ಕಲಿತವನು ನಾನು. ನಮ್ಮ ಕಸುಬಿನಲ್ಲಿ ಒಂದು ಕಟ್ಟುನಿಟ್ಟಿದೆ. ಅಡುಗೆ ಪೂರ್ತಿಯಾಗಿ, ಪುರೋಹಿತರು ಒಳಗೆ ಬಂದು, ಎಲೆಯಲ್ಲಿ ಎಲ್ಲವನ್ನೂ ಇಟ್ಟು ದೇವರಿಗೆ ನೈವೇದ್ಯ ಮಾಡುವವರೆಗೆ ಮಾಡಿದವನು ಒಂದು ತೊಟ್ಟನ್ನೂ ನಾಲಿಗೆಗೆ ತಾಗಿಸುವಂತಿಲ್ಲ. ರುಚಿ ನೋಡಿದರೆ ಎಂಜಲು. ಎಂಟು ನೂರು ಜನರ ಹುಳಿಗೂ ಉಪ್ಪು ಹಾಕುವುದು ಕೈಯಳತೆಯಲ್ಲೇ. ಕಲ್ಲುಪ್ಪು ತುಂಬಿದ ಮರದ ಮರಿಗೆಗೆ ಕೈ ಹಾಕಿ ಮುಷ್ಟಿ ಕಟ್ಟಿದರೆ ಅದೇ ತೂಕ, ಅದೇ ಲೆಕ್ಕ. ಅಪ್ಪ ನನಗೆ ಹೇಳಿಕೊಟ್ಟ ವಿದ್ಯೆಯೆಲ್ಲ ಒಂದು ಮಾತಿನಲ್ಲಿತ್ತು: "ನಾಲ್ಗಿ ಕೈಯಂಗ್ ಇರ್ಕ್ ಮಗಾ. ಬಾಯಂಗ್ ಇಪ್ಪುದ್ ಬರೀ ಮಾತಾಡುಕೆ." ಎಂದರೆ ಹದ ತಿಳಿಯುವ ನಾಲಿಗೆ ಕೈಯಲ್ಲಿರಬೇಕು, ಬಾಯಲ್ಲಿರುವುದು ಮಾತಿಗೆ ಮಾತ್ರ.

ಅಪ್ಪನಿಗಿಂತ ಒಂದು ಕೈ ಮೇಲೆ ಎಂಬಂತೆ ನಾನು ನೈವೇದ್ಯದವರೆಗೆ ಏನನ್ನೂ ಬಾಯಿಗೆ ಹಾಕುತ್ತಿರಲಿಲ್ಲ. ಬೆಳಿಗ್ಗೆ ಮನೆಯಲ್ಲಿ ಕುಡಿದ ಒಂದು ಲೋಟ ಕಾಫಿ, ಅಷ್ಟೇ. ಇದನ್ನು ನಿಷ್ಠೆ ಎಂದು ನಾನು ತಿಳಿದಿದ್ದೆ. ಡಾಕ್ಟರು ಆಮೇಲೆ ಬೇರೆ ಹೆಸರಿಟ್ಟರು.

ಎರಡು ಸಾವಿರದ ಮೂರನೆಯ ಇಸವಿಯ ಮೇ ತಿಂಗಳು. ಬ್ರಹ್ಮಾವರದ ಒಂದು ಹಾಲ್‌ನಲ್ಲಿ ಮದುವೆ. ನನಗೆ ನಲವತ್ತಾರು ವರ್ಷ. ಬೀಡಿ ಇಲ್ಲ, ಸಿಗರೇಟು ಇಲ್ಲ, ಮೀನು ಮಾಂಸದ ಮಾತೇ ಇಲ್ಲ. ಹೊಟ್ಟೆ ಸ್ವಲ್ಪ ಮುಂದಿತ್ತು, ಆದರೆ ಅದಿಲ್ಲದ ಅಡುಗೆಯವನನ್ನು ಯಾರು ನಂಬುತ್ತಾರೆ? ಹನ್ನೊಂದು ಗಂಟೆಯ ಸುಮಾರಿಗೆ ಹುಳಿ ಕುದಿ ಬಂತು. ಉಪ್ಪಿನ ಮರಿಗೆಯ ಕಡೆ ತಿರುಗಿದೆ. ಆಗ ಎದೆಯ ಮೇಲೆ ಯಾರೋ ರುಬ್ಬುಕಲ್ಲು ಇಟ್ಟ ಹಾಗಾಯಿತು. ಎಡಗೈ ಜೋಮು ಹಿಡಿಯಿತು, ದವಡೆ ಸೆಳೆಯತೊಡಗಿತು. ಒಲೆಯ ಮುಂದೆ ಬೆವರುವುದು ಹೊಸದಲ್ಲ, ಆದರೆ ಆ ಬೆವರು ತಣ್ಣಗಿತ್ತು.

ನನಗೆ ಮಾತ್ರವಲ್ಲ, ಅಲ್ಲಿದ್ದ ಅಷ್ಟೂ ಜನಕ್ಕೆ ತಕ್ಷಣ ರೋಗ ಗೊತ್ತಾಯಿತು: ಗ್ಯಾಸ್. ನಮ್ಮೂರಲ್ಲಿ ಸೊಂಟದಿಂದ ಮೇಲೆ ಎಲ್ಲಿ ನೋವು ಬಂದರೂ ಗ್ಯಾಸೇ. ಒಬ್ಬ ಓಮದ ಕಷಾಯ ಮಾಡಿ ತಂದ, ಒಬ್ಬ ಸೋಡಾ ತಂದ, ಮತ್ತೊಬ್ಬ ಬೆನ್ನು ಗುದ್ದಿದ. ನಾನು ಬೆನ್ನು ಗುದ್ದಿಸಿಕೊಂಡೆ, ಉಳಿದದ್ದು ಮುಟ್ಟಲಿಲ್ಲ. ನೈವೇದ್ಯ ಆಗಬೇಕಲ್ಲ! ಪುರೋಹಿತರು ಹನ್ನೆರಡಕ್ಕೆ ಒಳಗೆ ಬರಬೇಕಿತ್ತು. ಆದರೆ ಹೊರಗೆ ಮಂಟಪದಲ್ಲಿ ವಿಡಿಯೋದವನ ದರ್ಬಾರು. ಮಾಲೆ ಹಾಕಿದ್ದು ಸರಿಯಾಗಿ ಬರಲಿಲ್ಲ, ಇನ್ನೊಮ್ಮೆ ಹಾಕಿ ಎಂದನಂತೆ. ಹಾಕಿದ ಮಾಲೆ ತೆಗೆದು ಪುನಃ ಹಾಕುವುದಕ್ಕೆ ಪುರೋಹಿತರೂ ಒಪ್ಪಿದರಂತೆ. ನಾನು ಒಳಗೆ ಒಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಎದೆ ಹಿಡಿದುಕೊಂಡು ಪುರೋಹಿತರನ್ನು ಕಾಯುತ್ತಿದ್ದೆ. ಜೀವ ಹೋಗುವುದಿದ್ದರೂ ನೈವೇದ್ಯ ಆಗಿಯೇ ಹೋಗಲಿ ಎಂಬ ಹಟ ನನ್ನದು.

ನನ್ನ ಜೊತೆಯ ಕೆಲಸಗಾರರಲ್ಲಿ ದೊಡ್ಡವರು ಭಾವ, ಎಂದರೆ ನನ್ನ ಹೆಂಡತಿಯ ಅಣ್ಣ. ನನಗಿಂತ ಎರಡು ವರ್ಷ ಹಿರಿಯರು, ಕಸುಬಿನಲ್ಲಿ ನನ್ನ ಕೈಕೆಳಗೆ. ಇಪ್ಪತ್ತು ವರ್ಷದಿಂದ ಒಟ್ಟಿಗಿದ್ದೇವೆ. ಮಾತು ಕಡಿಮೆ, ಎಷ್ಟು ಕಡಿಮೆ ಎಂದರೆ ಕೆಲವು ಸಲ ಇವರು ಬಂದಿದ್ದಾರೋ ಇಲ್ಲವೋ ಎಂದು ಎಣಿಸಿ ನೋಡಬೇಕು. ಅವರು ಒಂದು ಸಲ ಬಂದು ನನ್ನ ಮುಖ ನೋಡಿ ಹೋದರು. ಸ್ವಲ್ಪ ಹೊತ್ತಿನಲ್ಲಿ ಮತ್ತೆ ಬಂದರು. ಹಿಂದಿನ ಬಾಗಿಲಲ್ಲಿ ಕಾರು ನಿಂತಿತ್ತು.

"ಏಳಿ ಭಾವ, ಆಸ್ಪತ್ರಿಗ್ ಹೋಯ್ಕ್," ಎಂದರು.

ನೈವೇದ್ಯ ಆಗಿಲ್ಲ ಎಂದೆ. ಅದನ್ನು ನಾನು ನೋಡಿಕೊಳ್ಳುತ್ತೇನೆ ಎಂದರು. ಆಗುವುದಿಲ್ಲ ಎಂದೆ. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಆ ಮನುಷ್ಯ ನನ್ನ ಮಾತು ಕೇಳಲಿಲ್ಲ. ಬಾಳೆಲೆ ತೊಳೆಯುತ್ತಿದ್ದವನನ್ನು ಕರೆದು, ಇಬ್ಬರೂ ಸೇರಿ ಕುರ್ಚಿ ಸಮೇತ ನನ್ನನ್ನು ಎತ್ತಿ, ಪಾತ್ರೆ ತೊಳೆಯುವ ಜಾಗದಿಂದಲೇ ಹೊರಗೆ ಸಾಗಿಸಿದರು. ಬಾಳೆಲೆಯವನು ನನ್ನೊಟ್ಟಿಗೆ ಕಾರು ಹತ್ತಿದ. ಭಾವ ಒಳಗೆ ಹೋದರು. ನಾನು ಅವರಿಗೆ ಬೈದ ಬೈಗುಳ ಬರೆಯುವಂಥದ್ದಲ್ಲ. ಮೂವತ್ತು ವರ್ಷದಲ್ಲಿ ಒಮ್ಮೆಯೂ ನಾನು ನೈವೇದ್ಯಕ್ಕೆ ಮೊದಲು ಒಲೆಬುಡ ಬಿಟ್ಟವನಲ್ಲ. ಕಾರು ಹೆದ್ದಾರಿಗೆ ಹತ್ತುವಾಗ ಹುಳಿಯ ಉಪ್ಪಿನ ಸಂಶಯ ಶುರುವಾಯಿತು. ಹಾಕಿದೆನೇ? ಮರಿಗೆಯ ಕಡೆ ತಿರುಗಿದ್ದು ನೆನಪಿದೆ. ಆಮೇಲಿನದು ನೆನಪಿಲ್ಲ.

ಆಸ್ಪತ್ರೆಯ ಡಾಕ್ಟರು ಸಣ್ಣ ಪ್ರಾಯದವರು, ಘಟ್ಟದ ಮೇಲಿನವರು. ನೋವು ಯಾವಾಗಿನಿಂದ ಎಂದು ಕೇಳಿದರು. ಹುಳಿ ಕುದಿ ಬಂದಾಗಿನಿಂದ ಎಂದೆ. ಎಷ್ಟು ಗಂಟೆಗೆ ಎಂದರು. ಮುಹೂರ್ತಕ್ಕೆ ಸ್ವಲ್ಪ ಮೊದಲು ಎಂದೆ. ಅವರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಪುಣ್ಯಕ್ಕೆ ಅಲ್ಲಿದ್ದ ನರ್ಸಮ್ಮ ಬೈಂದೂರು ಕಡೆಯವರು. ಮೇ ತಿಂಗಳಲ್ಲಿ ಮದುವೆಯ ಹುಳಿ ಎಷ್ಟು ಗಂಟೆಗೆ ಕುದಿಯುತ್ತದೆ ಎಂದು ಅವರಿಗೆ ಗೊತ್ತಿತ್ತು. ಹನ್ನೊಂದು ಎಂದು ಬರೆಸಿದರು. ಡಾಕ್ಟರು ಎರಡು ದಿನ ಬಿಟ್ಟು, ಸ್ಟೆಂಟು ಹಾಕಿ ಎಲ್ಲ ಮುಗಿದ ಮೇಲೆ, ನನ್ನ ಮಂಚದ ಬದಿಯಲ್ಲಿ ನಿಂತು, ಇನ್ನು ಅರ್ಧ ಮುಕ್ಕಾಲು ಗಂಟೆ ತಡವಾಗಿದ್ದರೆ ತಮ್ಮಿಂದ ಏನೂ ಆಗುತ್ತಿರಲಿಲ್ಲ ಎಂದರು.

ಅವತ್ತು ನೈವೇದ್ಯ ಆದದ್ದು ಒಂದು ಗಂಟೆಗೆ. ಕಾರು ಹೊರಟದ್ದು ಹನ್ನೆರಡೂ ಹತ್ತಕ್ಕೆ. ಲೆಕ್ಕ ಹಾಕಲು ನನಗೆ ಬರುತ್ತದೆ. ಸರಿ, ಭಾವನಿಂದ ಜೀವ ಉಳಿಯಿತು, ಒಪ್ಪೋಣ. ಆದರೆ ಅಷ್ಟು ಜನ ಗ್ಯಾಸ್ ಎನ್ನುವಾಗ ಇವರೊಬ್ಬರಿಗೆ ಮಾತ್ರ ಹೇಗೆ ಗೊತ್ತಾಯಿತು? ಇವರೇನು ಡಾಕ್ಟರ್ ಓದಿದ್ದಾರೆಯೇ? ಕೇಳಿದರೆ, ಮುಖ ಕಂಡು ಗೊತ್ತಾಯಿತು ಎಂದರು. ಒಲೆಯ ಮುಂದೆ ನನ್ನ ಮುಖ ಯಾವತ್ತೂ ಹಾಗೆಯೇ ಇರುವುದು. ಹುಳಿಗೆ ಉಪ್ಪು ಇತ್ತೇ ಎಂದರೆ, "ಸರಿ ಇತ್ತ್" ಎಂದರು. ಅದರಾಚೆಗೆ ಒಂದು ಶಬ್ದ ಇಲ್ಲ.

ಮನೆಗೆ ಬಂದೆ. ಎದೆನೋವು ಏನೂ ಅಲ್ಲ, ನಿಜವಾದ ಕಷ್ಟ ಶುರುವಾದದ್ದು ಆಗ.

ನಮ್ಮಲ್ಲಿ ಕಾಯಿಲೆಯವರನ್ನು 'ಕಾಂಬುಕೆ' ಹೋಗುವುದು ಒಂದು ಕರ್ತವ್ಯ. ಹೋಗದಿದ್ದರೆ ಬೇಜಾರು, ಹೋದರೆ ಕಾಯಿಲೆಯವನಿಗೆ ಬೇಜಾರು. ನಾನು ಊಟ ಬಡಿಸಿದ ಸೀಮೆಯಷ್ಟೂ ನನ್ನನ್ನು ಕಾಣಲು ಬಂತು. ಒಬ್ಬೊಬ್ಬರ ಕೈಯಲ್ಲೂ ಬ್ರೆಡ್ಡು, ಬಿಸ್ಕತ್ತು, ಎಳನೀರು. ಜೊತೆಗೆ ಒಬ್ಬೊಬ್ಬರ ಬಾಯಲ್ಲೂ ಒಂದು ಕಥೆ. ಆ ಕಥೆಯಲ್ಲಿ ಯಾವಾಗಲೂ ನನ್ನ ಪ್ರಾಯದ ಒಬ್ಬ ಗಟ್ಟಿಮುಟ್ಟಾದ ಮನುಷ್ಯ, ಆಸ್ಪತ್ರೆಯಿಂದ ಚೆನ್ನಾಗಿಯೇ ಮನೆಗೆ ಬಂದವನು, ಒಂದು ತಿಂಗಳು ಕಳೆದು ಬಚ್ಚಲಲ್ಲಿ ಬಿದ್ದು ಸತ್ತಿರುತ್ತಿದ್ದ. ಪಕ್ಕದ ಮನೆಯ ನಿವೃತ್ತ ಮಾಸ್ತರರು ದಿನಾ ಪೇಪರು ಹಿಡಿದು ಬಂದು, ನಿಧನ ವಾರ್ತೆಗಳಲ್ಲಿ ಹೃದಯಾಘಾತದವುಗಳನ್ನು ಆರಿಸಿ ಓದಿ ಹೇಳುತ್ತಿದ್ದರು. ಮರವಂತೆಯ ನೆಂಟರೊಬ್ಬರು ಹತ್ತಿರ ಕುಳಿತು, ಕಡಲು ಒಮ್ಮೆ ಕೊರೆಯಲು ಶುರು ಮಾಡಿದರೆ ಎಷ್ಟು ಬಂಡೆಕಲ್ಲು ತಂದು ಹಾಕಿದರೂ ಪ್ರಯೋಜನವಿಲ್ಲ, ಅದರ ಜಾಗ ಅದು ತೆಗೆದುಕೊಂಡೇ ಹೋಗುತ್ತದೆ ಎಂದು ನಿಟ್ಟುಸಿರು ಬಿಟ್ಟರು. ಅವರು ತಮ್ಮ ತೆಂಗಿನ ತೋಟದ ವಿಷಯ ಹೇಳಿದ್ದೋ, ನನ್ನ ಎದೆಯ ವಿಷಯ ಹೇಳಿದ್ದೋ, ಕೇಳುವ ಧೈರ್ಯವಾಗಲಿಲ್ಲ.

ಬಂದವರಲ್ಲಿ ಬ್ರಹ್ಮಾವರದ ಮದುವೆಗೆ ಹೋದವರಿದ್ದರೆ ನನ್ನ ಪ್ರಶ್ನೆ ತಯಾರಿರುತ್ತಿತ್ತು. ಹುಳಿ ಹೇಗಿತ್ತು? ಉಪ್ಪು ಇತ್ತೇ? ಎಲ್ಲರದ್ದೂ ಒಂದೇ ಉತ್ತರ, ಲಾಯ್ಕಿತ್ತು. ಒಬ್ಬರಂತೂ ಲಾಯ್ಕಿದ್ದದ್ದು ಮಾತ್ರವಲ್ಲ, ಬೇಕಾದಷ್ಟಿತ್ತು, ಎರಡೆರಡು ಸಲ ಬಡಿಸಿದರು, ಉಳಿದದ್ದನ್ನು ಮನೆಗೂ ಕೊಟ್ಟರು ಎಂದು ಹೊಗಳಿದರು. ನಾನು ಅಳೆದು ಮಾಡುವವನು. ನನ್ನ ಹುಳಿ ಉಳಿದ ಚರಿತ್ರೆ ಇಲ್ಲ. ಆಗಲೇ ನನಗೆ ಏನೋ ಹೊಳೆಯಬೇಕಿತ್ತು. ಆದರೆ ಸಾಯದೆ ಬಂದವನ ಹತ್ತಿರ ಯಾರು ಹುಳಿಯ ತಪ್ಪು ಹೇಳುತ್ತಾರೆ, ಎಲ್ಲ ಸುಳ್ಳು ಹೇಳುತ್ತಿದ್ದಾರೆ ಎಂದೇ ಅಂದುಕೊಂಡೆ.

ಇನ್ನು ಮನೆಯ ಊಟ. ಡಾಕ್ಟರು ಉಪ್ಪು ಕಡಿಮೆ ಮಾಡಿ ಎಂದಿದ್ದರು. ಕಡಿಮೆ ಎಂದರೆ ನನ್ನ ಹೆಂಡತಿಯ ಭಾಷೆಯಲ್ಲಿ ಇಲ್ಲವೇ ಇಲ್ಲ. ಉಪ್ಪಿನ ಭರಣಿ ಅಡುಗೆಮನೆಯಿಂದ ಮಾಯವಾಗಿ ಕಬ್ಬಿಣದ ಕಪಾಟಿನಲ್ಲಿ ಚಿನ್ನದ ಜೊತೆ ಸೇರಿತು. ಬೀಗದ ಕೈ ಅವಳ ಸೊಂಟದಲ್ಲಿ. ಊರಿಗೆಲ್ಲ ಉಪ್ಪು ಹಾಕಿದವನ ಮನೆಯಲ್ಲಿ ಉಪ್ಪಿಗೆ ಬೀಗ! ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎಂದು ನಾನು ಗಾದೆ ಹೇಳಿದೆ. ತಾಯಿ ಇದ್ದಿದ್ದರೆ ಅವರೂ ಬೀಗ ಹಾಕುತ್ತಿದ್ದರು ಎಂದಳು. ಗಂಜಿ ಸಪ್ಪೆ, ತಂಬುಳಿ ಸಪ್ಪೆ, ಪಲ್ಯ ಹುಲ್ಲು. ದಿನಾ ಎರಡು ಹೊತ್ತು ಎಲೆಯ ಮುಂದೆ ಕುಳಿತು ನಾನು ಅವಳಿಗೆ ಬೈಯುವುದು, ಅವಳು ಕಿವಿ ಕೇಳಿಸದವಳಂತೆ ಬಡಿಸುವುದು. ಎಂಟು ತಿಂಗಳು ಕಳೆದ ಮೇಲೆ ಒಂದು ದಿನ ಅವಳು ಊಟಕ್ಕೆ ಕೂತಾಗ, ಅವಳ ಬಟ್ಟಲಿನಿಂದ ಒಂದು ತುತ್ತು ಕದಿಯೋಣ ಎಂದು ಕೈ ಹಾಕಿದೆ. ಅದೂ ಸಪ್ಪೆ. ಕೊಲ್ಲೂರಿಗೆ ಹರಕೆ ಹೇಳಿಕೊಂಡಿದ್ದಳಂತೆ, ನಾನು ಉಪ್ಪು ಮುಟ್ಟುವವರೆಗೆ ತಾನೂ ಮುಟ್ಟುವುದಿಲ್ಲವೆಂದು. ಎಂಟು ತಿಂಗಳಿನಿಂದ ಆ ಸಪ್ಪೆಯನ್ನೇ ತಿಂದುಕೊಂಡು ನನ್ನ ಬೈಗುಳ ಕೇಳಿದ್ದಾಳೆ. ನನಗೆ ನಾಚಿಕೆಯಾಯಿತು. ನಾಚಿಕೆಯಾದದ್ದಕ್ಕೆ ಸಿಟ್ಟು ಬಂತು. ಇದನ್ನು ಮೊದಲೇ ಬಾಯಿ ಬಿಟ್ಟು ಹೇಳಿದ್ದರೆ ಏನಾಗುತ್ತಿತ್ತು? ಆ ಅಣ್ಣನಿಗೆ ತಕ್ಕ ತಂಗಿ.

ಮೂರು ತಿಂಗಳು ಕಳೆದ ಮೇಲೆ ಹಗುರ ಕೆಲಸ ಮಾಡಬಹುದು, ಆರು ತಿಂಗಳಾದ ಮೇಲೆ ಅಡುಗೆಗೆ ಹೋಗಬಹುದು ಎಂದು ಡಾಕ್ಟರು ಹೇಳಿದ್ದರು. ನಾನು ದಿನ ಎಣಿಸಿದೆ. ಆರು ತಿಂಗಳು ಮುಗಿಯಿತು. ಮದುವೆಯ ಕಾಲ ಬಂತು. ನನ್ನನ್ನು ಕರೆಯಲು ಒಬ್ಬರೂ ಬರಲಿಲ್ಲ. ಬಂದವರೆಲ್ಲ ಭಾವನ ಮನೆಗೆ ಹೋದರು. ಭಾವ ಪ್ರತಿ ಸಲ ನನ್ನ ಮನೆಗೆ ಬಂದು, ಜಗಲಿಯ ತುದಿಯಲ್ಲಿ ಕುಳಿತು, ಹೋಗಲೇ ಎಂದು ಕೇಳುತ್ತಿದ್ದರು. ಹೋಗಿ ಎನ್ನುತ್ತಿದ್ದೆ. ಬೇರೆ ಏನು ಹೇಳಲಿ? ಅವರದ್ದೂ ಹೊಟ್ಟೆಯಲ್ಲವೇ. ಆದರೆ ಅವರು ಗೇಟು ದಾಟುವಾಗ ಬೆನ್ನು ನೋಡಿಕೊಂಡು ಹಲ್ಲು ಕಡಿಯುತ್ತಿದ್ದೆ.

ಕುಂದಾಪುರದ ಒಂದು ಮದುವೆಗೆ ನನ್ನನ್ನು ಊಟಕ್ಕೆ ಕರೆದರು. ಅಡುಗೆಗಲ್ಲ, ಊಟಕ್ಕೆ. ಒಳಗೆ ಭಾವ ಬೇಯಿಸುತ್ತಿದ್ದಾರೆ, ಹೊರಗೆ ನಾನು ಮೊದಲ ಸಾಲಿನ ಕುರ್ಚಿಯಲ್ಲಿ ಪನ್ನೀರು ಚಿಮುಕಿಸಿಕೊಂಡು ಕುಳಿತಿದ್ದೇನೆ. ಎದ್ದು ಒಳಗೆ ಹೋಗಲು ನೋಡಿದರೆ ಇಬ್ಬರು ಬಂದು ತೋಳು ಹಿಡಿದು ಕೂರಿಸಿದರು, ಆರಾಮ ಮಾಡಬೇಕು ಎಂದರು. ಊಟಕ್ಕೆ ಮೊದಲು ಯಜಮಾನರು ಮೈಕು ಹಿಡಿದು, ಮೂವತ್ತು ವರ್ಷ ಈ ಊರಿನ ಹೊಟ್ಟೆ ತುಂಬಿಸಿದವರು ಎಂದು ಹೇಳಿ ನನಗೆ ಶಾಲು ಹೊದಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಶಾಲು ಹೊದಿಸುವುದು ಎಂದರೆ ಏನೆಂದು ನನಗೆ ಗೊತ್ತಿಲ್ಲವೇ? ನಿನ್ನ ಕೆಲಸ ಮುಗಿಯಿತು, ಇನ್ನು ಮನೆಯಲ್ಲಿ ಕೂರು ಎಂದರ್ಥ. ನಲವತ್ತೇಳು ವರ್ಷಕ್ಕೆ ಶಾಲು! ಆ ಶಾಲನ್ನು ಮನೆಗೆ ತಂದು ಹೆಂಡತಿಗೆ ಕೊಟ್ಟು, ಬೇಕಾದರೆ ಹಂಡೆ ಇಳಿಸುವ ಮಸಿಬಟ್ಟೆ ಮಾಡಿಕೋ ಎಂದೆ. ಅವಳು ಅದನ್ನು ಮಡಚಿ, ಉಪ್ಪಿನ ಪಕ್ಕದಲ್ಲಿ ಇಟ್ಟಳು.

ಕಾರಣ ನನಗೆ ಗೊತ್ತಾದದ್ದು ಬೈಂದೂರಿನಲ್ಲಿ. ಒಂದು ಉಪನಯನದ ಮನೆಯವರು ಅಡುಗೆಯವರನ್ನು ಹುಡುಕುತ್ತಿದ್ದಾರೆಂದು ಕೇಳಿ, ಮಾನ ಬಿಟ್ಟು ನಾನೇ ಬಸ್ಸು ಹತ್ತಿ ಹೋಗಿದ್ದೆ. ಚಾವಡಿಯಲ್ಲಿ ಕೂರಿಸಿ ಪಾನಕ ಕೊಟ್ಟರು. ಒಳಗೆ ಗಂಡ ಹೆಂಡತಿ ಪಿಸುಗುಟ್ಟುತ್ತಿದ್ದರು. ಪಿಸುಮಾತು ನಮ್ಮ ಕಡೆ ಯಾವಾಗಲೂ ಸ್ವಲ್ಪ ಜೋರು. "ಒಲಿಬುಡ್ದಂಗ್ ಇವ್ರಿಗ್ ಎಂತಾರೂ ಆರೆ ಅಷ್ಟೂ ಅಡಿಗಿ ಚೆಲ್ಕಾತ್ತ್," ಎಂದರು ಆ ತಾಯಿ. ಪಾನಕ ಅರ್ಧಕ್ಕೆ ಬಿಟ್ಟು ಎದ್ದುಬಂದೆ.

ಹೇಳಿದ್ದು ಸುಳ್ಳಲ್ಲ, ಅದೇ ಸಂಕಟ. ಶುಭಕಾರ್ಯದ ಒಲೆಯ ಮುಂದೆ ಅಡುಗೆಯವನು ಸತ್ತರೆ ಅನ್ನ ಯಾರು ಮುಟ್ಟುತ್ತಾರೆ? ಅವರಿಗೆ ನನ್ನ ಜೀವದ ಹೆದರಿಕೆಯಲ್ಲ, ಹೋಳಿಗೆಯ ಹೆದರಿಕೆ. ಬಸ್ಸಿನಲ್ಲಿ ಕುಳಿತು ಬರುವಾಗ ನನಗೇ ಇನ್ನೊಂದು ಹೆದರಿಕೆ ಹತ್ತಿತು. ಅವರು ಕರೆದರೆಂದೇ ಇಟ್ಟುಕೊಳ್ಳೋಣ, ನನ್ನ ಕೈ ಈಗಲೂ ಕೈಯೇ? ಆವತ್ತು ಹಾಕಿದ್ದೋ ಬಿಟ್ಟದ್ದೋ ನೆನಪೇ ಇಲ್ಲದ ಕೈ ಇದು. ಹಾಕದೇ ಇದ್ದರೆ, ಮೂವತ್ತು ವರ್ಷದ ವಿದ್ಯೆ ಆವತ್ತೇ ಹೋಯಿತು. ಕರೆಯದಿದ್ದರೆ ಅವರ ಮೇಲೆ ಸಿಟ್ಟು ಮಾಡಬಹುದು. ಕರೆದ ಮೇಲೆ ಕೈ ತಪ್ಪಿದರೆ ಯಾರ ಮೇಲೆ ಸಿಟ್ಟು ಮಾಡಲಿ?

ಕರೆದದ್ದು ಶಂಕರನಾರಾಯಣದ ಹತ್ತಿರದ ಒಂದು ಮನೆಯ ಅಜ್ಜಿ. ಅವರ ಮದುವೆಗೆ ನನ್ನ ಅಪ್ಪ ಅಡುಗೆ ಮಾಡಿದ್ದರಂತೆ. ಈಗ ಮೊಮ್ಮಗನ ಉಪನಯನ. ಮಕ್ಕಳು ಬೇಡ ಎಂದರಂತೆ, ಹೃದಯದವರು, ಅಪಾಯ ಎಂದರಂತೆ. ಅಜ್ಜಿ ಹೇಳಿದ ಮಾತನ್ನು ಅವರ ಮಗನೇ ನಗುತ್ತ ನನಗೆ ಹೇಳಿದರು: "ಸಾಯ್ವುದಾರೆ ನಾನೂ ಸಾಯ್ತೆ, ಅವ್ರೂ ಸಾಯ್ತ್ರ್. ಅಡಿಗಿ ಅವ್ರದ್ದೇ ಆಯ್ಕ್." ಒಂದೂವರೆ ವರ್ಷದಲ್ಲಿ ನನಗೆ ಯಾರೂ ಇಷ್ಟು ಒಳ್ಳೆಯ ಮಾತು ಹೇಳಿರಲಿಲ್ಲ.

ಭಾವ ಜೊತೆಗೆ ಬಂದರು, ಮೊದಲಿನ ಹಾಗೆ ಕೈಕೆಳಗಿನವರಾಗಿ. ಹೆಂಡತಿ ನಾಲಿಗೆಯ ಅಡಿಗೆ ಇಡುವ ಮಾತ್ರೆಯನ್ನು ನನ್ನ ಹೆಗಲ ಮೇಲಿನ ಬೈರಾಸಿನ ತುದಿಗೆ ಗಂಟು ಹಾಕಿದ್ದಳು. ಅಂಗಳದಲ್ಲಿ, ಹಲಸಿನ ಮರದ ಕೆಳಗೆ ಒಂದು ಕಾರು ಬೆಳಿಗ್ಗೆಯಿಂದ ನಿಂತಿತ್ತು, ಒಳಗೆ ಡ್ರೈವರು ಕಾಲು ಚಾಚಿ ಮಲಗಿದ್ದ. ಸೌದೆಯ ಗಾಡಿ ತಿರುಗಿಸಲು ಜಾಗವಿಲ್ಲ ಎಂದು ನಾನು ಅವನಿಗೂ ಒಂದು ಸಲ ರೇಗಿದೆ. ಅವನು ಅಲ್ಲಾಡಲಿಲ್ಲ.

ನಾನೇ ಹಟದಿಂದ ಸೌತೆಕಾಯಿ ಹುಳಿ ಎಂದಿದ್ದೆ. ಕುದಿ ಬಂತು. ಮರಿಗೆಗೆ ಕೈ ಹಾಕಿದೆ. ಒಂದು, ಎರಡು, ಮೂರು. ಮೂರನೆಯದು ಹಾಕಿ ಕೈ ನಿಂತಿತು. ಆ ಕೊಪ್ಪರಿಗೆಗೆ ನಾಲ್ಕು ಮುಷ್ಟಿ ಎಂದು ನನಗೆ ನಿದ್ದೆಯಲ್ಲೂ ಗೊತ್ತು, ಆದರೆ ಆದದ್ದು ಮೂರೇ ಹೌದೇ? ಸೌತೆಕಾಯಿ ಸಿಪ್ಪೆ ಬಾಚುತ್ತಿದ್ದ ಭಾವ ತಲೆ ಎತ್ತಲಿಲ್ಲ. ನಾಲ್ಕನೆಯದು ಹಾಕಿದೆ. ಹಾಕಿ, ಮೈಯೆಲ್ಲ ಬೆವರಿ, ಪಲ್ಯದ ಕಡೆ ಹೋದೆ. ಪುರೋಹಿತರು ಹೊತ್ತಿಗೆ ಸರಿಯಾಗಿ ಬಂದರು, ಅಲ್ಲಿ ವಿಡಿಯೋ ಇರಲಿಲ್ಲ. ನೈವೇದ್ಯ ಆಯಿತು. ಪಂಕ್ತಿಗೆ ಬಡಿಸಲು ತೆಗೆದುಕೊಂಡು ಹೋದರು. ನಾನು ಬಾಗಿಲ ಸಂದಿಯಲ್ಲಿ ನಿಂತು, ಒಂದು ಸೌಟು ಹುಳಿಯನ್ನು ಅಂಗೈಗೆ ಹಾಕಿಕೊಂಡು ನೆಕ್ಕಿದೆ.

ಕಡಲ ನೀರು! ನಾಲಿಗೆ ಸುಟ್ಟು ಹೋಯಿತು. ಎದೆ ಧಸಕ್ಕೆಂದಿತು, ಸ್ಟೆಂಟು ಹಾಕಿದ ಎದೆ. ಪಂಕ್ತಿಯನ್ನು ನೋಡಿದರೆ ಎಲ್ಲರೂ ಸುಮ್ಮನೆ ಉಣ್ಣುತ್ತಿದ್ದಾರೆ. ಬಡಿಸುವವನನ್ನು ಕೇಳಿದರೆ ಲಾಯ್ಕಿದೆ ಎಂದ. ಅಜ್ಜಿಯನ್ನು ಕೇಳಿದರೆ ಅಪ್ಪನ ಕೈಯೇ ಎಂದರು. ನಂಬುವುದು ಹೇಗೆ? ಶಾಲು ಹೊದಿಸಿದ ಜನ ಇವರು. ಆಗ ನನಗೆ ಹೊಳೆಯಿತು, ಒಂದೂವರೆ ವರ್ಷ ಸಪ್ಪೆ ತಿಂದ ನಾಲಿಗೆ ಇದು. ಇದಕ್ಕೆ ಸರಿ ಉಪ್ಪೂ ಸಮುದ್ರವೇ, ಹೆಚ್ಚಿನ ಉಪ್ಪೂ ಸಮುದ್ರವೇ. ಕೈಯ ಮೇಲೆ ನಂಬಿಕೆ ಹೋಗಿತ್ತು, ಈಗ ಬಾಯಿಯೂ ಹೋಯಿತು. ಇನ್ನು ನಾನು ಯಾವುದನ್ನು ಹಿಡಿದುಕೊಂಡು ಅಡುಗೆಯವನು ಎಂದು ಹೇಳಿಕೊಳ್ಳಲಿ?

ಭಾವ ಬಾವಿಕಟ್ಟೆಯ ಹತ್ತಿರ ಕೈ ತೊಳೆಯುತ್ತಿದ್ದರು. ಹೋಗಿ ಎದುರಿಗೆ ನಿಂತೆ. ಉಪ್ಪು ಹೆಚ್ಚಾಗಿದೆಯೇ, ಸತ್ಯ ಹೇಳಿ ಎಂದೆ.

"ಸರಿ ಇತ್ತ್," ಎಂದರು.

ನನಗೆ ಪಿತ್ತ ನೆತ್ತಿಗೇರಿತು. ಬ್ರಹ್ಮಾವರದ್ದೂ ಸರಿ, ಇದೂ ಸರಿ, ನಿಮ್ಮ ಬಾಯಲ್ಲಿ ಬೇರೆ ಶಬ್ದವೇ ಇಲ್ಲವೇ, ನೀವೂ ಊರವರ ಹಾಗೆ ನನ್ನನ್ನು ಸಮಾಧಾನ ಮಾಡುವುದೇ ಎಂದು ಕೂಗಿದೆ. ಭಾವ ಚೆಂಬು ಕೆಳಗಿಟ್ಟರು.

"ಬ್ರಹ್ಮಾವರದ್ದ್ ಸರಿ ಇರ್ಲಿಲ್ಲೆ," ಎಂದರು. "ವಿಷ ಆಯಿತ್ತ್. ನೀವ್ ಎರಡ್ ಸರ್ತಿ ಉಪ್ಪ್ ಹಾಕಿದ್ರಿ."

ನಿಮಗೆ ಹೇಗೆ ಗೊತ್ತು ಎಂದೆ.

"ತಿಂದ್ ಕಂಡೆ."

ನೈವೇದ್ಯಕ್ಕೆ ಮೊದಲೇ ಎಂದು ಕೇಳಿದೆ. ಹೌದೆಂದು ತಲೆಯಾಡಿಸಿದರು. ಆಮೇಲೆ, ನಾನು ಅವರ ಬಾಯಿಂದ ಯಾವತ್ತೂ ಕೇಳದಷ್ಟು ಉದ್ದದ ಮಾತು ಆಡಿದರು. "ಉಪ್ಪ್ ಹಾಕಿ ಆದ್ಮೇಲೂ ನಿಮ್ ಕೈ ಮರಿಗಿಗ್ ಎರಡ್ನೇ ಸರ್ತಿ ಹೋದ್ದ್ ಕಂಡೆ. ಇಪ್ಪತ್ತ್ ವರ್ಷದಂಗೆ ನಿಮ್ ಕೈ ತಪ್ಪಿದ್ದ್ ನಾ ಕಾಣ್ಲಿಲ್ಲೆ ಭಾವ. ಸಂಶಯ ಬಂತ್, ಒಂದ್ ಚೂರ್ ನೆಕ್ಕಿ ಕಂಡೆ. ನಿಮ್ ಕೈ ತಪ್ಪಿತ್ ಅಂದ್ರೆ ಇದ್ ಗ್ಯಾಸ್ ಅಲ್ಲ ಅಂದೇಳಿ ಆಗ್ಳೇ ಗೊತ್ತಾಯ್ತ್. ಮೊದ್ಲ್ ಕಾರ್ ಕರ್ಸ್ದೆ. ಹುಳಿ ಆಮೇಲ್ ಸರಿ ಮಾಡ್ದೆ."

ಅರ್ಧ ಹುಳಿಯನ್ನು ಇನ್ನೊಂದು ಕೊಪ್ಪರಿಗೆಗೆ ತೆಗೆದು, ಎರಡಕ್ಕೂ ಬೇಳೆ, ಹೋಳು, ಕಾಯಿ ಸೇರಿಸಿ ಕುದಿಸಿದ್ದರಂತೆ. ಹುಳಿ ಉಳಿದು ಜನ ಮನೆಗೆ ಕೊಂಡುಹೋದದ್ದು ಅದಕ್ಕೆ. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ನೈವೇದ್ಯವನ್ನು ಎಂಜಲು ಮಾಡಿದವನನ್ನು ನೀವು ಮತ್ತೆ ಒಲೆಬುಡಕ್ಕೆ ಸೇರಿಸುತ್ತಿದ್ದಿರಾ ಎಂದು ಅವರು ಕೇಳಿದರು. ಸೇರಿಸುತ್ತಿರಲಿಲ್ಲ, ಅದು ನಮ್ಮಿಬ್ಬರಿಗೂ ಗೊತ್ತು. ಹಾಗಾದರೆ ಇವತ್ತಿನದು ಎಂದೆ.

"ಇವತ್ತೂ ಕಂಡೆ," ಎಂದರು ಭಾವ. "ಸರಿ ಇತ್ತ್. ತಪ್ಪಿದ್ರೆ ಅಂದೇಳಿ ಅಂಗಳದಂಗೆ ಕಾರ್ ನಿಲ್ಸಿದ್ದೆ."

ಬಾವಿಕಟ್ಟೆಯ ಮೇಲೆ ಕುಳಿತೆ. ನನಗೆ ಅಳು ಬಂತು. ನಲವತ್ತೇಳು ವರ್ಷದ ಗಂಡಸು, ಒಳಗೆ ಪಂಕ್ತಿ ನಡೆಯುವಾಗ, ಬೈರಾಸಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ. ಆ ಮನುಷ್ಯನ ಮೇಲೆ ನನಗೆ ಎಷ್ಟು ಪ್ರೀತಿ ಎಂದು ನನಗೆ ಆಗಲೇ ಗೊತ್ತಾದದ್ದು. ಅವರು ಸಮಾಧಾನ ಮಾಡಲಿಲ್ಲ. ತಾವೇ ಒಳಗೆ ಹೋಗಿ, ಪಾಯಸ ಬಡಿಸಲು ಹುಡುಗರಿಗೆ ಹೇಳಿದರು.

ಆಮೇಲೆ ಜನ ಒಬ್ಬೊಬ್ಬರಾಗಿ ಕರೆಯಲು ಶುರು ಮಾಡಿದರು. ಅಜ್ಜಿಯ ಮನೆಯಲ್ಲಿ ನಾನು ಸಾಯಲಿಲ್ಲ ಎಂಬ ಸುದ್ದಿ ಬೈಂದೂರಿಗೂ ಮುಟ್ಟಿತ್ತು. ಈಗಲೂ ಹೋಗುತ್ತೇನೆ, ಭಾವನೂ ಬರುತ್ತಾರೆ. ಅಪ್ಪನ ಕಟ್ಟುನಿಟ್ಟನ್ನು ನಾನು ಬಿಟ್ಟಿಲ್ಲ, ನೈವೇದ್ಯದವರೆಗೆ ಒಂದು ತೊಟ್ಟನ್ನೂ ನಾಲಿಗೆಗೆ ತಾಗಿಸುವುದಿಲ್ಲ. ಆದರೆ ಹುಳಿಗೆ ಉಪ್ಪು ಹಾಕಿದ ಕೂಡಲೇ ಕೈಕಾಲು ತೊಳೆದು ಬರುತ್ತೇನೆಂದು ಹೇಳಿ ಬಾವಿಕಟ್ಟೆಗೆ ಹೋಗುತ್ತೇನೆ. ಒಲೆಯ ಹತ್ತಿರ ಭಾವ ಒಬ್ಬರೇ ಇರುತ್ತಾರೆ. ಅಲ್ಲಿ ಅವರು ಏನು ಮಾಡುತ್ತಾರೋ ನಾನು ಯಾವತ್ತೂ ಕೇಳಿಲ್ಲ. ಕೈಕಾಲು ತೊಳೆಯಲು ನನಗೆ ಈಗೀಗ ಸ್ವಲ್ಪ ಜಾಸ್ತಿಯೇ ಹೊತ್ತು ಹಿಡಿಯುತ್ತದೆ.